ಎಕ್ಸ್‌ಟ್ರಾ ಸಾಲಿನ ಬ್ಯಾಟ್ಸ್‌ಮನ್

ನಾನು ಸ್ಕೋರರ್ ಆದದ್ದು ಬಾಯಿ ಜೋರಿದ್ದ ಕಾರಣಕ್ಕೆ. ಮಂಜೇಶ್ವರದಲ್ಲಿ ರೈಲು ಹಳಿಯಿಂದ ಸ್ವಲ್ಪ ಈಚೆಗೆ ನಮ್ಮ ಮನೆ, ಜಗಲಿಯ ಎದುರಿಗೇ ಗದ್ದೆ. ಸುಗ್ಗಿ ಬೆಳೆಯ ಕೊಯಿಲು ಮುಗಿದು ನೆಲ ಒಣಗಿತೆಂದರೆ ಮಳೆಗಾಲ ಶುರುವಾಗುವ ತನಕ ಪ್ರತಿ ಆದಿತ್ಯವಾರ ಅಲ್ಲಿ ಕ್ರಿಕೆಟ್. ದೇಶ ವಿಶ್ವಕಪ್ ಗೆದ್ದು ಕೆಲವು ವರ್ಷ ಆಗಿತ್ತು. ಬ್ಯಾಟು ಹಿಡಿಯದ ಗಂಡಸು ಊರಿನಲ್ಲಿ ಇರಲಿಲ್ಲ. ನಾನು ಓದುವ ನೆವದಲ್ಲಿ ಜಗಲಿಯಲ್ಲಿ ಕೂತು ಆಟ ನೋಡುತ್ತಿದ್ದೆ. ಅವರು ಲೆಕ್ಕ ತಪ್ಪಿದರೆ ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ. "ಐದೇ ಬಾಲ್ ಆದದ್ದು, ಇನ್ನೊಂದು ಉಂಟು!" ಎಂದು ಇಲ್ಲಿಂದಲೇ ಕೂಗುತ್ತಿದ್ದೆ. ಸ್ಕೋರ್ ಬರೆಯುತ್ತಿದ್ದವನು ಗಲ್ಫಿಗೆ ಹೋದ ವಾರ ಕ್ಯಾಪ್ಟನ್ ಪುಸ್ತಕ ತಂದು ನಮ್ಮ ಜಗಲಿಯ ಮೇಲಿಟ್ಟರು.

"ತಗೊ ಮಾರಾಯ್ತಿ, ಇನ್ನು ನೀನೇ ಬರಿ. ತಪ್ಪಾದ್ರೆ ನಿನಗೇ ಬೈಲಿಕ್ಕೆ ಆಗ್ತದಲ್ಲ" ಎಂದರು.

ನಾನಾಗ ದಿನಾ ರೈಲಿನಲ್ಲಿ ಕಾಸರಗೋಡಿಗೆ ಹೋಗಿ ಬಿ.ಕಾಂ. ಓದುತ್ತಿದ್ದೆ. ಅಮ್ಮನಿಗೆ ಈ ಹೊಸ ಉದ್ಯೋಗ ಒಂದಿಷ್ಟೂ ಹಿಡಿಸಲಿಲ್ಲ. "ಗಂಡಸರ ಆಟಕ್ಕೆ ನೀನೆಂತ ಶಾನುಭೋಗಿಕೆ ಮಾಡುವುದು?" ಎಂದು ಸಿಡುಕಿದಳು. ಆಟಕ್ಕೆಂದು ಜಗಲಿ ಬಿಟ್ಟು ಕೆಳಗೆ ಇಳಿಯುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಬಹಳ ವರ್ಷ ಉಳಿಸಿಕೊಂಡೆ. ಗದ್ದೆಯಲ್ಲಿ ಮಾತೆಲ್ಲ ತುಳು, ಬರೆಯುವುದು ಕನ್ನಡದಲ್ಲಿ, ಜಗಳ ಜೋರಾದರೆ ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲವೂ ಸೇರಿಕೊಳ್ಳುತ್ತಿತ್ತು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ಹೇಳಬೇಕೆಂದಿರುವುದು ಆ ಗದ್ದೆಯ ಅತ್ಯುತ್ತಮ ಬ್ಯಾಟ್ಸ್‌ಮನ್ ಬಗ್ಗೆ. ಅವರನ್ನು ಎಲ್ಲರೂ ಪೊರ್ಬು ಎನ್ನುತ್ತಿದ್ದರು. ಅದು ಹೆಸರಲ್ಲ, ನಮ್ಮಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವ ರೀತಿ. ಪೇಟೆಯ ಬೇಕರಿಯೊಂದರಲ್ಲಿ ಒಲೆಯ ಕೆಲಸ ಅವರದ್ದು. ಆದಿತ್ಯವಾರ ಇಗರ್ಜಿಯಿಂದ ಇಸ್ತ್ರಿ ಹಾಕಿದ ಅಂಗಿಯಲ್ಲೇ ನೇರ ಗದ್ದೆಗೆ ಬರುತ್ತಿದ್ದರು. ಬ್ಯಾಟಿಂಗಿಗೆ ಹೋಗುವ ಮೊದಲು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚುವ ಅಭ್ಯಾಸ ಬೇರೆ. "ಮದಿಮಾಯ ಬಂದ" ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಮದಿಮಾಯ ಎಂದರೆ ತುಳುವಿನಲ್ಲಿ ಮದುಮಗ. ಅವರಿಗೆ ಆ ತಮಾಷೆಯೂ ಇಷ್ಟವೇ. ಕವರ್ ಕಡೆಗೆ ಒಂದು ಹೊಡೆತ ಹೊಡೆದರೆ ಚೆಂಡು ಎಲ್ಲಿ ಹೋಯಿತೆಂದು ನೋಡದೆ, ಯಾರು ಯಾರು ನೋಡಿದರು ಎಂದು ಸುತ್ತ ನೋಡುವ ಜಂಬ ಅವರದ್ದು. ನನಗಂತೂ ಅವರ ಆಟ ಕಂಡರೆ ಆಸೆಯಾಗುತ್ತಿತ್ತು. ಆ ಹೊಡೆತವನ್ನು ಬರಿಯ ನಾಲ್ಕು ಎಂದು ಬರೆಯಲು ಮನಸ್ಸಾಗುತ್ತಿರಲಿಲ್ಲ.

ನಾನು ಪುಸ್ತಕ ಹಿಡಿದ ಮೊದಲ ವರ್ಷವೇ ಟೀಮು ಒಡೆಯಿತು. ಪಕ್ಕದ ಊರಿನಲ್ಲಿ ನಡೆದ ಟೂರ್ನಮೆಂಟಿನ ಫೈನಲ್ ಅದಕ್ಕೆ ಕಾರಣ. ನಮ್ಮ ಕಡೆಯ ಆ ಕಾಲದ ಪಂದ್ಯಗಳಲ್ಲಿ ಅಂಪೈರುಗಳು ಹೊರಗಿನಿಂದ ಬರುತ್ತಿರಲಿಲ್ಲ. ಬ್ಯಾಟಿಂಗ್ ಮಾಡುವ ಟೀಮಿನವರೇ, ಔಟಾಗಿ ಬಂದವರೋ ಸರದಿ ಕಾಯುವವರೋ, ಹೋಗಿ ನಿಲ್ಲಬೇಕು. ಪೊರ್ಬು ಔಟಾಗಿ ಬಂದು ಲೆಗ್ ಅಂಪೈರ್ ಆಗಿ ನಿಂತಿದ್ದರು. ಕ್ಯಾಪ್ಟನ್ ಎರಡನೆಯ ರನ್ನಿಗೆ ಓಡಿದರು, ಚೆಂಡು ನೇರ ವಿಕೆಟಿಗೆ ಬಂದು ಬಿತ್ತು. ಪೊರ್ಬು ಬೆರಳೆತ್ತಿದರು. ಸ್ವಂತ ಟೀಮಿನ ಕ್ಯಾಪ್ಟನ್, ಅದೂ ಫೈನಲಿನಲ್ಲಿ! ಸ್ವಲ್ಪದರಲ್ಲಿ ನಾವು ಸೋತೆವು. ನಾನು ನೋಡಿದ್ದಲ್ಲ; ಆದರೆ ಮುಂದಿನ ವಾರವಿಡೀ ನಮ್ಮ ಜಗಲಿಗೆ ಬಂದವರೆಲ್ಲ ಹೇಳಿದ್ದು ಅದನ್ನೇ, ಒಬ್ಬೊಬ್ಬರು ಒಂದೊಂದು ಥರ.

ಕ್ಯಾಪ್ಟನ್ ರೇಷನ್ ಅಂಗಡಿ ನಡೆಸುತ್ತಿದ್ದ ಭಾರೀ ಸಿಟ್ಟಿನ ಮನುಷ್ಯ. "ನಮ್ಮವನೇ ನಮಗೆ ಗುಂಡಿ ತೋಡಿದ" ಎಂದು ಅವರು ಹಟ ಹಿಡಿದರು. ಫೋಟೋ ಸ್ಟುಡಿಯೋ ಇಟ್ಟಿದ್ದ ವಿಕೆಟ್ ಕೀಪರ್, "ಔಟ್ ಅಂದ್ರೆ ಔಟ್, ಪೊರ್ಬು ಮಾಡಿದ್ದು ಸರಿ" ಎಂದು ಎದ್ದು ನಿಂತರು. ಕೀಪರಿಗೆ ನ್ಯಾಯದ ಮೇಲೆ ಅಷ್ಟು ಪ್ರೀತಿ ಅದಕ್ಕಿಂತ ಮುಂಚೆ ನಾನು ಕಂಡಿರಲಿಲ್ಲ. ಅವರಿಗೆ ಬಹಳ ದಿನಗಳಿಂದ ಕ್ಯಾಪ್ಟನ್ ಆಗಬೇಕೆಂದಿತ್ತು, ಅಷ್ಟೇ. ಮುಂದಿನ ಆದಿತ್ಯವಾರ ಹದಿನೈದು ಜನರ ಟೀಮು ಎರಡಾಯಿತು. ಇಬ್ಬರೂ ಅದೇ ಹಳೆಯ ಹೆಸರು ಇಟ್ಟುಕೊಂಡರು. ಟೂರ್ನಮೆಂಟ್ ನಡೆಸುವವರು, ಒಂದೇ ಹೆಸರಿನ ಎರಡು ಟೀಮು, ಎರಡರಲ್ಲೂ ಹನ್ನೊಂದು ಜನ ಇಲ್ಲ, ಯಾವುದನ್ನೂ ಸೇರಿಸಿಕೊಳ್ಳುವುದಿಲ್ಲ ಎಂದುಬಿಟ್ಟರು.

ಹಾಗಾಗಿ ನಮ್ಮವರಿಗೆ ಆಡಲು ಉಳಿದದ್ದು ಒಬ್ಬರಿಗೊಬ್ಬರೇ. ಮುಖ ನೋಡುವುದಿಲ್ಲ ಎಂದು ಒಡೆದುಕೊಂಡ ಎರಡು ಪಾರ್ಟಿ ಪ್ರತಿ ಆದಿತ್ಯವಾರ ಎದುರಾ ಬದುರಾ ನಿಂತು ಆಡಬೇಕಾಯಿತು. ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಏಳು ಜನ ಅತ್ತ, ಏಳು ಜನ ಇತ್ತ, ಒಬ್ಬರು ಹೆಚ್ಚು. ಆ ಹೆಚ್ಚಾದವರು ಪೊರ್ಬು. ಕ್ಯಾಪ್ಟನ್ ಅವರನ್ನು ಕರೆಯಲಿಲ್ಲ, ಅದು ಸಹಜ. ಕೀಪರ್ ಕರೆದರು, ಆದರೆ ಪೊರ್ಬು ಹೋಗಲಿಲ್ಲ.

"ನಾನು ಔಟ್ ಕೊಟ್ಟದ್ದು ಔಟ್ ಆದ್ದರಿಂದ. ನಿಮಗೆ ಪಾರ್ಟಿ ಕಟ್ಲಿಕ್ಕೆ ಅಲ್ಲ" ಎಂದರು.

ಆಗ ಉಳಿದ ದಾರಿ ಒಂದೇ, ಜೋಕರ್. ಗದ್ದೆ ಕ್ರಿಕೆಟ್ ಆಡಿದವರಿಗೆಲ್ಲ ಗೊತ್ತು. ಜನ ಬೆಸವಾದರೆ ಒಬ್ಬನನ್ನು ಜೋಕರ್ ಮಾಡುತ್ತಾರೆ. ಆತ ಎರಡೂ ಕಡೆಗೆ ಕೊನೆಯಲ್ಲಿ ಬ್ಯಾಟ್ ಮಾಡುತ್ತಾನೆ, ಎರಡೂ ಕಡೆಗೆ ಫೀಲ್ಡಿಂಗ್ ಮಾಡುತ್ತಾನೆ. ಯಾರು ಗೆದ್ದರೂ ಅವನು ಗೆದ್ದ ಹಾಗೆ, ಯಾರು ಸೋತರೂ ಅವನೂ ಸೋತ ಹಾಗೆ. ಬೇರೆ ಕಡೆ ಜೋಕರ್ ವಾರಕ್ಕೊಬ್ಬ ಬದಲಾಗುತ್ತಾನೆ. ನಮ್ಮಲ್ಲಿ ಮಾತ್ರ ಐದಾರು ವರ್ಷ ಒಬ್ಬರೇ.

ಜೋಕರ್ ಹೊಡೆದ ರನ್ನು ಟೀಮಿಗೆ ಸಿಗುತ್ತದೆ, ಆದರೆ ಅವನ ಹೆಸರಿಗೆ ಸಿಗುವುದಿಲ್ಲ. ಇದು ನಾನು ಮಾಡಿದ ನಿಯಮವಲ್ಲ, ನನಗಿಂತ ಮೊದಲಿನಿಂದ ಇದ್ದದ್ದು. ವರ್ಷದಲ್ಲಿ ಹೆಚ್ಚು ರನ್ ಮಾಡಿದವನಿಗೆ ಸ್ಟೀಲಿನ ಟಿಫಿನ್ ಕ್ಯಾರಿಯರ್ ಬಹುಮಾನ ಕೊಡುವ ಪದ್ಧತಿಯಿತ್ತು. ಜೋಕರ್ ಒಂದೇ ಪಂದ್ಯದಲ್ಲಿ ಎರಡು ಸಲ ಬ್ಯಾಟ್ ಮಾಡುವುದರಿಂದ ಅವನ ರನ್ನು ಸೇರಿಸಿದರೆ ಉಳಿದವರಿಗೆ ಅನ್ಯಾಯ ಎಂದು ಯಾರೋ ಹಿರಿಯರು ತೀರ್ಮಾನಿಸಿದ್ದರು. ಅದಕ್ಕೆ ಅವನ ರನ್ನನ್ನು ಎಕ್ಸ್‌ಟ್ರಾ ಸಾಲಿಗೆ, ವೈಡು, ಬೈಗಳ ಜೊತೆಗೆ ಸೇರಿಸಿ ಬರೆಯುವುದು. ವಾರಕ್ಕೊಬ್ಬ ಜೋಕರ್ ಇರುವಾಗ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಪೊರ್ಬುವಿಗೆ ಮಾತ್ರ ಅವರ ಆಟವಿಡೀ ಆ ಸಾಲಿಗೆ ಹೋಗುತ್ತಿತ್ತು. ನಮ್ಮ ಪುಸ್ತಕದಲ್ಲಿ ಎಕ್ಸ್‌ಟ್ರಾ ಅಷ್ಟು ದಪ್ಪವಾಗಿ ಬೆಳೆದದ್ದನ್ನು ಹೊರಗಿನವರು ನೋಡಿದರೆ, ಈ ಊರಿನಲ್ಲಿ ನೆಟ್ಟಗೆ ಬಾಲ್ ಹಾಕಲು ಬರುವವರು ಒಬ್ಬರೂ ಇಲ್ಲ ಎಂದುಕೊಳ್ಳಬೇಕು.

ಪಂದ್ಯ ಮುಗಿದ ಮೇಲೆ ಎಲ್ಲರೂ ಜಗಲಿಗೆ ಬಂದು ನೀರು ಕುಡಿದು ತಂತಮ್ಮ ರನ್ನು ಕೇಳಿಕೊಂಡು ಹೋಗುತ್ತಿದ್ದರು. ಪೊರ್ಬು ಮೊದಮೊದಲು ಕೇಳಲಿಲ್ಲ. ಎರಡನೆಯ ವರ್ಷವೋ ಏನೋ, ಎಲ್ಲರೂ ಹೋದ ಮೇಲೆ ಒಬ್ಬರೇ ನಿಂತು, "ಮಾರಾಯ್ತಿ, ನನ್ನದು ಎಷ್ಟಾಯ್ತು ಅಂತ ಎಲ್ಲಿಯಾದ್ರೂ ಉಂಟಾ?" ಎಂದರು. ಇಲ್ಲ, ಎಕ್ಸ್‌ಟ್ರಾದಲ್ಲಿ ಉಂಟು ಎಂದೆ. "ಹಾಗಾದ್ರೆ ನಾನು ವೈಡ್" ಎಂದು ನಕ್ಕರು. ನಕ್ಕದ್ದು ಹೌದು, ಆದರೆ ಬಾಚಣಿಗೆ ತೆಗೆಯುವ ಕೈ ಜೇಬಿನಲ್ಲೇ ನಿಂತಿತ್ತು. ನನಗೆ ಬೇಸರವಾಯಿತು.

ಆ ದಿನಗಳಲ್ಲಿ ಪತ್ರಿಕೆಯ ಆಟದ ಪುಟವನ್ನು ನಾನು ಒಂದಕ್ಷರ ಬಿಡದೆ ಓದುತ್ತಿದ್ದೆ. ವರ್ಣಭೇದದ ಕಾರಣಕ್ಕೆ ಎಲ್ಲರೂ ದೂರವಿಟ್ಟಿದ್ದ ದೇಶವೊಂದಕ್ಕೆ ಬೇರೆ ಬೇರೆ ದೇಶದ ಆಟಗಾರರು ಕದ್ದುಮುಚ್ಚಿ ಹೋಗಿ ಆಡಿದ್ದರು. ಅವರ ರನ್ನುಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂದು ದೊಡ್ಡವರ ನಡುವೆ ವಾದ ನಡೆಯುತ್ತಿತ್ತು. ಬೇಡ ಎಂದವರ ಮಾತು ನನಗೂ ಸರಿ ಕಂಡಿತ್ತು. ಹೋಗಬಾರದ ಜಾಗಕ್ಕೆ ಹೋದವರಿಗೆ ಅಷ್ಟಾದರೂ ಶಿಕ್ಷೆ ಬೇಡವೇ? ಆದರೆ ನಮ್ಮ ಪೊರ್ಬು ಎಲ್ಲಿಗೂ ಹೋಗಿರಲಿಲ್ಲ. ಒಡೆದುಕೊಂಡವರು ಬೇರೆಯವರು. ಅವರಿಗೆಲ್ಲ ಒಂದೊಂದು ಸಾಲು ಉಂಟು, ಹೋಗದೆ ನಡುವೆ ನಿಂತವರಿಗೆ ಇಲ್ಲ. ಕ್ರಿಕೆಟಿನಲ್ಲಿ ಮಾತ್ರವಲ್ಲ, ಮನೆ ಪಾಲಾಗುವಾಗಲೂ, ಯೂನಿಯನ್ ಒಡೆಯುವಾಗಲೂ ಹೀಗೇ ಆಗುವುದನ್ನು ಆಮೇಲೆ ಎಷ್ಟೋ ಕಡೆ ಕಂಡೆ. ಯಾವ ಕಡೆಗೂ ಸೇರದವನನ್ನು ಯಾರೂ ಹೊರಗೆ ಹಾಕುವುದಿಲ್ಲ, ಕರೆದು ಕೆಲಸ ಮಾಡಿಸಿಕೊಳ್ಳುತ್ತಾರೆ, ಬರೆಯುವ ಹೊತ್ತಿಗೆ ಅವನ ಹೆಸರು ಯಾರಿಗೂ ನೆನಪಾಗುವುದಿಲ್ಲ.

ನನ್ನ ಓದು ಮುಗಿದು, ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆದಿತ್ಯವಾರದ ಜಗಲಿ ತಪ್ಪಲಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆಗೆ ಮುಂಚೆ ಕಾಸರಗೋಡಿನಿಂದ ಒಂದು ಸುದ್ದಿ ಬಂತು. ಊರೂರಿನ ಟೀಮುಗಳಿಂದ ಆಟಗಾರರನ್ನು ಆರಿಸಿ, ಮಂಗಳೂರಿನ ಒಂದು ಟೀಮಿನ ಎದುರು ಆಡಿಸುತ್ತಾರಂತೆ. ಮ್ಯಾಟಿನ ಮೇಲೆ ಆಟ, ಹೊರಗಿನ ಅಂಪೈರುಗಳು, ಅಚ್ಚಾದ ಸ್ಕೋರ್ ಶೀಟು, ಮೈಕಿನಲ್ಲಿ ಹೆಸರು ಹೇಳುತ್ತಾರೆ. ಆರಿಸುವುದು ಹಿಂದಿನ ವರ್ಷಗಳ ರನ್ನು ನೋಡಿ. ಪ್ರತಿ ಕ್ಯಾಪ್ಟನ್ ತನ್ನ ಟೀಮಿನವರ ಲೆಕ್ಕಕ್ಕೆ ಸಹಿ ಹಾಕಿ ಕೊಡಬೇಕು.

ಮಾರನೆಯ ದಿನವೇ ಪೊರ್ಬು ನಮ್ಮ ಮನೆಗೆ ಬಂದರು. ಕೈಯಲ್ಲಿ ಬೇಕರಿಯ ಬಿಸಿ ರಸ್ಕಿನ ಪೊಟ್ಟಣ. ಅಮ್ಮನಿಗೆ ಕೊಟ್ಟು ನೇರ ವಿಷಯಕ್ಕೆ ಬಂದರು.

"ನನಗೆ ಮೂವತ್ತು ದಾಟಿ ಎಷ್ಟಾಯ್ತು ಅಂತ ಕೇಳಬೇಡ. ಇದು ಬಿಟ್ರೆ ಇನ್ನು ಇಲ್ಲ. ಒಂದು ಸಲ, ಒಂದೇ ಒಂದು ಸಲ, ನನ್ನ ಹೆಸರಿನ ಎದುರು ನನ್ನ ರನ್ನು ಬರೀಬೇಕು. ನಿನ್ನಿಂದ ಆಗ್ತದಾ?"

ಅವರು ಯಾರ ಹತ್ತಿರವೂ ಹಾಗೆ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಆಗುತ್ತದೆ ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ. ಎಕ್ಸ್‌ಟ್ರಾ ಸಾಲಿನಲ್ಲಿ ವೈಡು ಎಷ್ಟು, ಪೊರ್ಬು ಎಷ್ಟು ಎಂದು ಹಾಲು ನೀರು ಬೇರೆ ಮಾಡುವುದು ಹೇಗೆ?

ಎರಡು ದಿನ ತಲೆ ಕೆರೆದುಕೊಂಡ ಮೇಲೆ ದಾರಿ ಹೊಳೆಯಿತು. ಬ್ಯಾಟ್ಸ್‌ಮನ್‌ಗಳ ಪುಟದಲ್ಲಿ ಅವರಿಗೆ ಸಾಲಿಲ್ಲದಿದ್ದರೆ ಏನಾಯಿತು, ಬೌಲರುಗಳ ಪುಟ ಇತ್ತಲ್ಲ! ಅಲ್ಲಿ ಪ್ರತಿ ಚೆಂಡಿಗೂ ಒಂದೊಂದು ಗುರುತು. ವೈಡಿಗೆ ಬೇರೆ ಗುರುತು, ಬೈಗೆ ಬೇರೆ ಗುರುತು, ಬ್ಯಾಟಿನಿಂದ ಬಂದದ್ದಕ್ಕೆ ಅಂಕೆ. ಬ್ಯಾಟಿನಿಂದ ಬಂದದ್ದನ್ನೆಲ್ಲ ಕೂಡಿಸಿ, ಅದರಲ್ಲಿ ಹೆಸರಿದ್ದವರ ರನ್ನು ಕಳೆದರೆ, ಉಳಿಯುವುದು ಜೋಕರನದ್ದೇ. ಬೇರೆ ಯಾರದ್ದೂ ಆಗಲು ಸಾಧ್ಯವಿಲ್ಲ. ನಾನು ಜಗಲಿಯಲ್ಲಿ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಅಮ್ಮ ಒಳಗಿನಿಂದ, "ಮರುಳು ಹಿಡಿಯಿತಾ?" ಎಂದಳು.

ರಜೆ ಹಾಕಿ ಕೆಲವು ಮಧ್ಯಾಹ್ನ ಕೂತು ಎಲ್ಲ ವರ್ಷದ್ದನ್ನೂ ಹೀಗೆ ಬಿಡಿಸಿದೆ. ಒಂದೊಂದು ಪಂದ್ಯ ಬಿಡಿಸುತ್ತಿದ್ದ ಹಾಗೆ ಆ ಆದಿತ್ಯವಾರ ಕಣ್ಣ ಮುಂದೆ ಬರುತ್ತಿತ್ತು. ಇಲ್ಲಿ ನಾಲ್ಕು, ಇಲ್ಲಿ ನಾಲ್ಕು, ಇಲ್ಲಿ ಎರಡು. ಎರಡು ಎಂದರೆ ನಮ್ಮ ಮನೆಯ ಹಿತ್ತಿಲಿಗೆ ಬಿದ್ದದ್ದು. ನಮ್ಮ ಹಿತ್ತಿಲಿಗೆ ಎಷ್ಟು ಜೋರಾಗಿ ಹೊಡೆದರೂ ಎರಡೇ ರನ್ನು ಎಂದು ಅಮ್ಮನ ಬೈಗುಳಕ್ಕೆ ಹೆದರಿ ಮಾಡಿಕೊಂಡ ನಿಯಮ. ಕೊನೆಗೆ ಕೂಡಿಸಿ ನೋಡಿದಾಗ ಎರಡು ಟೀಮಿನಲ್ಲೂ ಅವರ ಹತ್ತಿರ ಬರುವವರು ಯಾರೂ ಇರಲಿಲ್ಲ. ಟಿಫಿನ್ ಕ್ಯಾರಿಯರ್ ಒಯ್ದವರೆಲ್ಲ ಅವರಿಗಿಂತ ಬಹಳ ಹಿಂದೆ ಇದ್ದರು.

ಇನ್ನು ಸಹಿ. ರೇಷನ್ ಅಂಗಡಿಗೆ ಹೋದೆ. ಜಗಲಿ ಇಳಿಯುವುದಿಲ್ಲ ಎಂದು ಅಮ್ಮನಿಗೆ ಕೊಟ್ಟ ಮಾತು ಅಂದಿಗೆ ಮುಗಿಯಿತು. ಕ್ಯಾಪ್ಟನ್ ಕಾಗದವನ್ನು ಎರಡು ಸಲ ಓದಿದರು. ಓದುತ್ತ ಓದುತ್ತ ಅವರ ಮುಖ ಗಂಟಾಯಿತು.

"ನಮಗೆ ಹೊಡೆದುಕೊಟ್ಟದ್ದು ನಮ್ಮದು. ಅವರಿಗೆ ಹೊಡೆದುಕೊಟ್ಟದ್ದಕ್ಕೆ ನಾನೆಂತ ಸೈನ್ ಹಾಕುವುದು? ಅದು ನಮ್ಮ ಬಾಲಿಗೇ ಹೊಡೆದದ್ದಲ್ವಾ!"

ಸ್ಟುಡಿಯೋದಲ್ಲಿ ಕೀಪರ್ ಹೇಳಿದ್ದೂ ಅಕ್ಷರಶಃ ಅದೇ. ಐದಾರು ವರ್ಷದಲ್ಲಿ ಅವರಿಬ್ಬರು ಒಪ್ಪಿದ ಮೊದಲ ವಿಷಯ ಅದು. ಸಿಟ್ಟಿನಿಂದ ಮನೆಗೆ ಬಂದು ಪೊರ್ಬುವನ್ನು ಎರಡು ಹಾಳೆ ಮಾಡಿದೆ. ಒಂದರಲ್ಲಿ ಹಳೆ ಟೀಮಿಗೆ ಮಾಡಿದ ರನ್ನು, ಅದಕ್ಕೆ ಕ್ಯಾಪ್ಟನ್ ಸಹಿ. ಇನ್ನೊಂದರಲ್ಲಿ ಹೊಸ ಟೀಮಿಗೆ ಮಾಡಿದ್ದು, ಅದಕ್ಕೆ ಕೀಪರ್ ಸಹಿ. ಒಂದು ಹಾಳೆಯ ರನ್ನು ಮಾತ್ರ ನೋಡಿದರೆ ಅವರು ನೂರಾರು ಜನರ ಹಾಗೆ ಒಬ್ಬ ಸಾಧಾರಣ ಬ್ಯಾಟ್ಸ್‌ಮನ್. ಎರಡನ್ನೂ ಕೂಡಿಸಿದರೆ ಮಾತ್ರ ಅವರು ಅವರಾಗುತ್ತಿದ್ದರು. ಆ ಕೂಡಿಸುವ ಕೆಲಸವನ್ನು ಬೇರೆಯವರ ಕೈಗೆ ಬಿಡಲು ಧೈರ್ಯವಾಗಲಿಲ್ಲ. ಪುಸ್ತಕಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ನಾನೇ ಕಾಸರಗೋಡಿಗೆ ಹೋದೆ.

ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯ ಮೇಲಿನ ಕೋಣೆ. ಆಯ್ಕೆ ಮಾಡುವ ಮೂವರು ಕೂತಿದ್ದರು. ನಡುವೆ ಕೂತವರಿಗೆ ಕನ್ನಡ ಬರುತ್ತಿತ್ತು, ಆದರೆ ಅಧಿಕಾರದ ಮಾತು ಬಂದಾಗ ಮಲಯಾಳಕ್ಕೆ ಹೊರಳುತ್ತಿದ್ದರು. ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟು, "ಇದು ಒಬ್ಬನೇ ಮನುಷ್ಯನಾ?" ಎಂದರು. ಹೌದು ಎಂದೆ. "ಒಂದೇ ಮ್ಯಾಚಿನಲ್ಲಿ ಎರಡು ಕಡೆಯೂ ಆಡಿದ್ದಾನಾ?" ಹೌದು. "ಎರಡು ಟೀಮಿಗೂ ಅಂಗೀಕಾರ ಇಲ್ಲ." ಕೇರಳದ ಆಫೀಸುಗಳಲ್ಲಿ ಮಾನ್ಯತೆಗೆ ಹೇಳುವ ಆ ಶಬ್ದ ಕೇಳಿ ಕೇಳಿ ನನಗೆ ಅದರ ಮೇಲೆ ಮೊದಲೇ ಸಿಟ್ಟಿತ್ತು.

"ಅಂಗೀಕಾರ ಇಲ್ಲದ ಬೌಲರ್ ಬಾಲನ್ನು ನಿಧಾನ ಹಾಕ್ತಾನಾ? ಇವರನ್ನು ಔಟ್ ಮಾಡ್ಲಿಕ್ಕೆ ಎರಡು ಕಡೆಯವರೂ ಜೀವ ಬಿಟ್ಟಿದ್ದಾರೆ. ಇವರಿಗೆ ಅಂತ ಸಸಾರದ ಬಾಲ್ ಹಾಕುವ ಗೆಳೆಯ ಒಬ್ಬನೂ ಇರ್ಲಿಲ್ಲ" ಎಂದೆ. ಸ್ವರ ಏರಿತ್ತು. ಕೆಳಗಿನ ಅಂಗಡಿಯವರು ಮೇಲೆ ನೋಡಿರಬೇಕು.

ಅವರು ಪುಸ್ತಕ ತೆಗೆದು ಮನಸ್ಸಿಗೆ ಬಂದ ಪುಟ ಬಿಡಿಸಿ, ಇದನ್ನು ಮಾಡಿ ತೋರಿಸಿ ಎಂದರು. ಮಾಡಿ ತೋರಿಸಿದೆ. ಇನ್ನೊಂದು ಪುಟವನ್ನು ತಾವೇ ಮಾಡಿದರು, ನನ್ನ ಉತ್ತರವೇ ಬಂತು. ಬಹಳ ಹೊತ್ತು ಪೆನ್ನನ್ನು ಮೇಜಿಗೆ ಬಡಿಯುತ್ತ ಕೂತಿದ್ದು, "ಕಣಕ್ಕು ಶರಿ" ಎಂದರು. ಲೆಕ್ಕ ಸರಿ ಎಂದು ಅದರ ಅರ್ಥ. ಮುಂದಿನ ವಾರ ಸ್ಟುಡಿಯೋಕ್ಕೆ ಫೋನ್ ಬಂತು, ಪೊರ್ಬುವನ್ನು ಆರಿಸಿದ್ದಾರೆ ಎಂದು. ನಾನು ಅಷ್ಟು ಸಂತೋಷಪಟ್ಟದ್ದು ನನಗೆ ಕೆಲಸ ಸಿಕ್ಕಾಗಲೂ ಇಲ್ಲ. ಪೊರ್ಬು ಬೇಕರಿಯಲ್ಲಿ ಎಲ್ಲರಿಗೂ ಕೇಕು ಹಂಚಿದರಂತೆ. ನಮ್ಮ ಮನೆಗೂ ಒಂದು ಪೊಟ್ಟಣ ಬಂತು.

ಪಂದ್ಯದ ದಿನ ಊರಿನ ಅರ್ಧ ಜನ ಕಾಸರಗೋಡಿಗೆ ಹೋಗುವ ರೈಲಿನಲ್ಲಿದ್ದೆವು. ಕ್ಯಾಪ್ಟನ್ ಒಂದು ಡಬ್ಬಿಯಲ್ಲಿ, ಕೀಪರ್ ಇನ್ನೊಂದು ಡಬ್ಬಿಯಲ್ಲಿ. ಮೈದಾನದಲ್ಲೂ ಆ ಮೂಲೆಗೊಬ್ಬರು ಈ ಮೂಲೆಗೊಬ್ಬರು ಕೂತರು. ಆದರೆ ಇಬ್ಬರೂ ಬಂದಿದ್ದರು. ನಾನು ಸ್ಕೋರರುಗಳ ಮೇಜಿನ ಹಿಂದೆಯೇ ಜಾಗ ಹಿಡಿದೆ.

ಅವರನ್ನು ನಾಲ್ಕನೆಯವರಾಗಿ ಕಳಿಸಿದರು. ಮೈಕಿನಲ್ಲಿ ಅವರ ಪೂರ್ತಿ ಹೆಸರು ಹೇಳಿದರು. ಇಷ್ಟು ವರ್ಷ ಬರೆದ ನನಗೂ ಆ ಹೆಸರು ಅಷ್ಟುದ್ದ ಉಂಟೆಂದು ತಿಳಿದಿರಲಿಲ್ಲ. ಅವರು ಬಾಚಣಿಗೆ ತೆಗೆದು ತಲೆ ಬಾಚಿದರು. ನಮ್ಮವರೆಲ್ಲ ಶಿಳ್ಳೆ ಹಾಕಿದರು. ಮೊದಲ ಚೆಂಡನ್ನು ಸುಮ್ಮನೆ ಬಿಟ್ಟರು. ಎರಡನೆಯದು ಕವರ್ ಕಡೆ ಹೊಡೆಯಲೆಂದೇ ಹಾಕಿದ ಹಾಗಿತ್ತು. ನಮ್ಮ ಗದ್ದೆಯಲ್ಲಿ ಆ ಚೆಂಡು ಮೊಣಕಾಲಿಗಿಂತ ಮೇಲೆ ಏಳುತ್ತಿರಲಿಲ್ಲ. ಮ್ಯಾಟಿನ ಮೇಲೆ ಎದೆಯ ತನಕ ಎದ್ದಿತು. ಬ್ಯಾಟಿನ ಅಂಚಿಗೆ ತಗುಲಿ ಮಂಗಳೂರಿನವರ ಕೀಪರನ ಕೈ ಸೇರಿತು. ಅಂಪೈರ್ ಕೈಯೆತ್ತುವ ಮೊದಲೇ ಪೊರ್ಬು ಹಿಂದಿರುಗಿ ನಡೆದಿದ್ದರು.

ನನಗೆ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿದ್ದು ನಗು. ಕೋಣೆಯಲ್ಲಿ ನನ್ನ ಲೆಕ್ಕ ಒಪ್ಪಿದ್ದ ಅದೇ ಮನುಷ್ಯ ಪಕ್ಕದವರೊಡನೆ, "ಗದ್ದೆಯ ಕಣಕ್ಕು ಗದ್ದೆಗೇ ಸರಿ" ಎನ್ನುತ್ತಿದ್ದರು. ನಾನು ಅಲ್ಲೇ ಹಿಂದೆ ಇದ್ದದ್ದು ಅವರಿಗೆ ತಿಳಿದಿರಲಿಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ನನಗೆ ಪೊರ್ಬುವಿನ ಮೇಲೂ ಸಿಟ್ಟು ಬಂತು, ಅದನ್ನೂ ಹೇಳಬೇಕು. ಎದೆಯೆತ್ತರದ ಚೆಂಡಿಗೆ ಅದೇ ಹೊಡೆತ ಹೊಡೆಯಬೇಕಿತ್ತಾ? ಎದುರಿನ ಮೇಜಿನ ಮೇಲೆ ಅಚ್ಚಾದ ಶೀಟಿನಲ್ಲಿ ಅವರ ಹೆಸರು, ಅದರ ಎದುರು ಸೊನ್ನೆ. ಸ್ಕೋರರ್ ಅದನ್ನು ದುಂಡಗೆ, ಚೆಂದವಾಗಿ ಬರೆದಿದ್ದರು.

ಹಿಂದಿರುಗುವ ರೈಲಿನಲ್ಲಿ ನಮ್ಮವರು ಅವರನ್ನು ಸಮಾಧಾನ ಮಾಡಲು ಹೋಗಿ ತಾವೇ ಪೆಚ್ಚಾದರು. ಮ್ಯಾಟು ಸರಿಯಿಲ್ಲ ಎಂದರು ಕ್ಯಾಪ್ಟನ್. ಬೌಲರಿನ ಕೈ ಬಾಗುತ್ತಿತ್ತು ಎಂದರು ಕೀಪರ್. ಇಬ್ಬರೂ ಒಂದೇ ಡಬ್ಬಿಯಲ್ಲಿದ್ದರು ಎಂಬುದನ್ನು ನಾನು ಗಮನಿಸಿದ್ದು ಆಮೇಲೆ. ಕುಂಬಳೆ ದಾಟಿದ ಮೇಲೆ ಪೊರ್ಬು ಎದ್ದು ಬಂದು ನನ್ನ ಎದುರು ಕೂತರು. ಕಣ್ಣು ಕೆಂಪಾಗಿತ್ತು.

"ನಾಳೆ ಅದನ್ನು ನಮ್ಮ ಪುಸ್ತಕದಲ್ಲಿ ಸೇರಿಸು" ಎಂದರು.

"ಯಾವುದನ್ನು?"

"ಸೊನ್ನೆಯನ್ನು. ಒಂದು ಇನ್ನಿಂಗ್ಸ್ ಹೆಚ್ಚು ಮಾಡು. ಸರಾಸರಿ ಎಷ್ಟಾಗ್ತದೆ ನೋಡು."

ನಾನು ಖಂಡಿತ ಆಗುವುದಿಲ್ಲ ಎಂದೆ. ಎಕ್ಸ್‌ಟ್ರಾ ಸಾಲಿನಿಂದ ಒಂದೊಂದೇ ರನ್ನು ಹೆಕ್ಕಿ ಕಟ್ಟಿದ ಲೆಕ್ಕ ಅದು. ಅದರ ಮೇಲೆ ಆ ದುಂಡು ಸೊನ್ನೆ ತಂದು ಇಡಲು ನನಗೆ ಮನಸ್ಸಿರಲಿಲ್ಲ.

"ಅದು ಬೇರೆ ಮ್ಯಾಚು. ಅಂಗೀಕಾರ ಉಂಟು ಅದಕ್ಕೆ. ನಮ್ಮ ಪುಸ್ತಕಕ್ಕೆ ಅದು ಬರ್ಲಿಕ್ಕಿಲ್ಲ."

ಹೇಳಿದ ಮೇಲೆ ನನ್ನ ಬಾಯಿಂದ ಯಾವ ಶಬ್ದ ಬಂತೆಂದು ನನಗೇ ಕೇಳಿಸಿತು. ಪೊರ್ಬುವಿಗೂ ಕೇಳಿಸಿತ್ತು.

"ಅವರು ನಮ್ಮದನ್ನು ಸೇರಿಸುವುದಿಲ್ಲ ಅಂದದ್ದಕ್ಕೆ ನೀನು ಅಲ್ಲಿ ಹೋಗಿ ಜಗಳ ಮಾಡಿದೆ. ಈಗ ಅವರದ್ದನ್ನು ನೀನು ಸೇರಿಸುವುದಿಲ್ಲವಾ?"

ಪೊರ್ಬು ಮುಂದಕ್ಕೆ ಬಾಗಿ ಸ್ವರ ತಗ್ಗಿಸಿದರು.

"ಮಾರಾಯ್ತಿ, ಉಳಿದದ್ದೆಲ್ಲ ನೀನು ಕಳೆದು ಕೂಡಿಸಿ ಕಂಡುಹಿಡಿದದ್ದು. ನನಗೆ ನೆನಪೂ ಇಲ್ಲ. ಇದೊಂದು ಮಾತ್ರ ನಾನು ಹೊಡೀಲಿಕ್ಕೆ ಹೋಗಿ, ನಾನೇ ಔಟಾಗಿ, ನನ್ನ ಹೆಸರಿಗೇ ಬರೆದದ್ದು. ಇದನ್ನು ಬಿಟ್ಟರೆ ಬಾಕಿ ರನ್ನೂ ಸುಳ್ಳು ಅಂತ ಆಗ್ತದೆ."

ಮಾರನೆಯ ಸಂಜೆ ಕೆಲಸದಿಂದ ಬಂದವಳೇ ಪುಸ್ತಕ ಬಿಡಿಸಿದೆ. ಮೈಕಿನಲ್ಲಿ ಕೇಳಿದ್ದ ಅವರ ಪೂರ್ತಿ ಹೆಸರು ಬರೆದು, ಎದುರಿಗೆ ಸೊನ್ನೆ ಹಾಕಿದೆ. ಇನ್ನಿಂಗ್ಸ್ ಒಂದು ಹೆಚ್ಚಿತು, ರನ್ನು ಇದ್ದಷ್ಟೇ ಇತ್ತು, ಭಾಗಿಸಿದಾಗ ಸರಾಸರಿ ಸ್ವಲ್ಪ ಇಳಿಯಿತು. ಕಣ್ಣಲ್ಲಿ ನೀರು ಬಂದು ಅಂಕೆ ಮಸುಕಾಯಿತು, ಒರೆಸಿಕೊಂಡು ಇನ್ನೊಮ್ಮೆ ಭಾಗಿಸಿದೆ. ಉತ್ತರ ಅದೇ ಬಂತು. ಅಂದಿನ ನಂತರ ಆ ಲೆಕ್ಕವನ್ನು ಯಾರ ಎದುರು ಓದಲೂ ನನಗೆ ಅಂಜಿಕೆಯಾಗಲಿಲ್ಲ.